ಕಚ್ಚಿದ್ದು ತಿಗಣೆ, ಸತ್ತದ್ದು ಹೇನು

ಪಂಚತಂತ್ರದಲ್ಲಿ ಒಂದು ಹೇನಿನ ಕಥೆಯುಂಟು. ಆ ಹೇನಿನ ಹೆಸರು ಮಂದವಿಸರ್ಪಿಣಿ. ಮೆಲ್ಲಮೆಲ್ಲನೆ ಹರಿಯುವವಳು ಎಂದು ಅರ್ಥ. ಅರಸನ ಹಾಸಿಗೆಯ ಬಿಳಿಯ ವಸ್ತ್ರದ ಮಡಿಕೆಯಲ್ಲಿ ಅದು ಬಹುಕಾಲದಿಂದ ಯಾರ ಕಣ್ಣಿಗೂ ಬೀಳದೆ ಸುಖವಾಗಿತ್ತು. ಅರಸನು ಗಾಢನಿದ್ರೆಯಲ್ಲಿರುವಾಗ ಮಾತ್ರ ರಕ್ತ ಹೀರುವುದು ಅದರ ನೇಮ. ಒಂದು ದಿನ ಅಗ್ನಿಮುಖನೆಂಬ ತಿಗಣೆ ಎಲ್ಲಿಂದಲೋ ಬಂದು, ತನಗೂ ರಾಜರಕ್ತದ ರುಚಿ ನೋಡುವ ಭಾಗ್ಯ ಬೇಕೆಂದು ಗೋಗರೆಯಿತು. ಹೇನು ಮೊದಲು ಒಲ್ಲೆನೆಂದರೂ, ಹೊತ್ತರಿತು ಕಚ್ಚಬೇಕೆಂಬ ಕರಾರಿನ ಮೇಲೆ ಕೊನೆಗೆ ಒಪ್ಪಿತು. ತಿಗಣೆಗೆ ತಾಳ್ಮೆಯೆಲ್ಲಿ? ಅರಸನು ಮಲಗಿ ಕಣ್ಣು ಮುಚ್ಚುವ ಮೊದಲೇ ಕಚ್ಚಿಬಿಟ್ಟಿತು. ಅರಸನು ಹೌಹಾರಿ ಎದ್ದನು. ಆಳುಗಳು ದೀಪ ಹಿಡಿದು ಓಡಿಬಂದು ಹಾಸಿಗೆಯನ್ನು ಕೊಡವಿ ನೋಡಿದರು. ಅಷ್ಟರಲ್ಲಿ ತಿಗಣೆ ಮಂಚದ ಸಂದಿಯನ್ನು ಸೇರಿತ್ತು. ಬಟ್ಟೆಯ ಮಡಿಕೆಯಲ್ಲಿದ್ದ ಹೇನು ಸಿಕ್ಕಿತು, ಸತ್ತಿತು.

ಗುಣವರಿಯದವರಿಗೆ ಆಶ್ರಯ ಕೊಡಬಾರದು ಎಂಬುದು ಕಥೆಗಾರನು ಹೇಳುವ ನೀತಿ. ಆದರೆ ನೀವು ಕಥೆಯನ್ನು ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ ನೀತಿಯಷ್ಟೇ ಅಲ್ಲ, ಒಳ್ಳೆಯ ಪ್ರಾಣಿಶಾಸ್ತ್ರವೂ ಇದೆ. ಮೈಹೇನು ಬಟ್ಟೆಯ ಮಡಿಕೆ ಹೊಲಿಗೆಗಳಲ್ಲಿ ವಾಸಮಾಡುತ್ತದೆ. ತಿಗಣೆ ಕಚ್ಚಿದ ಮೇಲೆ ಮೈಮೇಲೆ ನಿಲ್ಲದೆ ಮಂಚದ ಬಿರುಕಿಗೆ ಓಡುತ್ತದೆ. ಕಥೆ ಹೇಳಿದವನಿಗೆ ಇದು ಚೆನ್ನಾಗಿ ತಿಳಿದಿತ್ತು. ತಿಳಿಯದೆ ಹೋದದ್ದು ಅರಸನ ಆಳುಗಳಿಗೆ. ಕಚ್ಚಿದ್ದು ಯಾವುದು ಎಂದು ಕೇಳದೆ, ಕೈಗೆ ಸಿಕ್ಕಿದ್ದು ಯಾವುದೋ ಅದಕ್ಕೆ ಶಿಕ್ಷೆ ಕೊಟ್ಟರು. ಈ ತಪ್ಪನ್ನು ಅವರಷ್ಟೇ ಮಾಡಿದರೆಂದು ನಗಬೇಡಿ. ದೊಡ್ಡ ದೊಡ್ಡ ವೈದ್ಯರೂ ಇದನ್ನೇ ಮಾಡಿದ್ದಾರೆ, ಮತ್ತು ಅದರ ಬೆಲೆಯನ್ನು ಹೇನು ಮಾತ್ರವಲ್ಲ, ಮನುಷ್ಯರೂ ತೆತ್ತಿದ್ದಾರೆ.

ತಿಗಣೆ ನಮ್ಮ ಹಳೆಯ ಜೊತೆಗಾರ. ಈಜಿಪ್ಟಿನ ಅಮರ್ನಾ ಎಂಬಲ್ಲಿ ಕೆಲಸಗಾರರ ಊರೊಂದನ್ನು ಅಗೆದಾಗ ಸುಮಾರು 3,300 ವರ್ಷಗಳ ಹಿಂದಿನ ತಿಗಣೆಗಳ ಅವಶೇಷ ದೊರೆತಿದೆ. ಸಂಸ್ಕೃತದಲ್ಲಿ ಇದು ಮತ್ಕುಣ. ನಮ್ಮ ಉತ್ತರ ಕರ್ನಾಟಕದಲ್ಲಿ ತಗಣಿ. ಹಿಂದಿಯಲ್ಲಿ ಖಾಟು, ಅಂದರೆ ಮಂಚದ ಹೆಸರನ್ನೇ ಹೊತ್ತ ಖಟಮಲ್. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಪಂಡಿತನು ಇದಕ್ಕೆ ಸೈಮೆಕ್ಸ್ ಲೆಕ್ಟುಲೇರಿಯಸ್ ಎಂದು ಶಾಸ್ತ್ರದ ಹೆಸರಿಟ್ಟಾಗಲೂ ಹಾಸಿಗೆಯನ್ನು ಬಿಡಲಿಲ್ಲ. ಲ್ಯಾಟಿನ್ ಮಾತಿನಲ್ಲಿ ಲೆಕ್ಟುಲಸ್ ಎಂದರೆ ಪುಟ್ಟ ಹಾಸಿಗೆ. ನಮ್ಮಂಥ ಬಿಸಿಲುನಾಡುಗಳಲ್ಲಿ ಹೆಚ್ಚಾಗಿ ಕಾಣುವುದು ಇದರ ದಾಯಾದಿ, 1803ರಲ್ಲಿ ಫೆಬ್ರಿಸಿಯಸ್ ಹೆಸರಿಸಿದ ಸೈಮೆಕ್ಸ್ ಹೆಮಿಪ್ಟೆರಸ್. ಎರಡಕ್ಕೂ ಇರುವ ವ್ಯತ್ಯಾಸ ಕತ್ತಿನ ಹಿಂದಿನ ಪಟ್ಟಿಯ ಅಗಲದಲ್ಲಿ. ಅದನ್ನು ಕಾಣಲು ಭೂತಗನ್ನಡಿ ಬೇಕು. ಕಚ್ಚಿಸಿಕೊಂಡವರಿಗೆ ಎರಡೂ ಒಂದೇ.

ಇಷ್ಟು ಹಳೆಯ ಪರಿಚಯವಿದ್ದೂ ಜನ ಇದನ್ನು ಗುರುತಿಸಲಾರದೆ ಹೋದದ್ದುಂಟು. 1583ರಲ್ಲಿ ಇಂಗ್ಲೆಂಡಿನ ಥೇಮ್ಸ್ ನದಿಯ ದಡದ ಮಾರ್ಟ್‌ಲೇಕ್ ಎಂಬ ಊರಿನಿಂದ ಡಾಕ್ಟರ್ ಪೆನ್ನಿ ಎಂಬ ವೈದ್ಯನಿಗೆ ಅವಸರದ ಕರೆ ಬಂತು. ಅಲ್ಲಿ ಇಬ್ಬರು ಕುಲೀನ ಸ್ತ್ರೀಯರು ಮೈಮೇಲೆ ಎದ್ದ ಕೆಂಪು ಗುರುತುಗಳನ್ನು ಕಂಡು ಪ್ಲೇಗು ಬಡಿಯಿತೆಂದು ನಡುಗುತ್ತಿದ್ದರು. ಪ್ಲೇಗೆಂದರೆ ಮನೆಗೆ ಮನೆಯೇ ಬರಿದಾಗುತ್ತಿದ್ದ ಕಾಲವದು. ಅವರ ಭಯ ಸುಳ್ಳು ಭಯವಲ್ಲ. ವೈದ್ಯನು ಬಂದು ನೋಡಿದನು, ಕಚ್ಚಿದ ಪ್ರಾಣಿಯನ್ನು ಹಿಡಿದು ತೋರಿಸಿದನು, ನಕ್ಕು ಅವರ ಭಯವನ್ನು ಕಳೆದನು. ಅವು ತಿಗಣೆ ಕಚ್ಚಿದ ಗುರುತುಗಳು. ಈ ಪ್ರಸಂಗವನ್ನು ಅವನ ಸ್ನೇಹಿತ ಥಾಮಸ್ ಮೊಫೆಟ್ ಎಂಬುವನು ತನ್ನ ಕೀಟಗ್ರಂಥದಲ್ಲಿ ಬರೆದಿಟ್ಟನು. ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1634ರಲ್ಲಿ.

ಇಲ್ಲಿ ನಾವು ಕಲಿಯಬೇಕಾದ ಮೊದಲ ಪಾಠವಿದೆ. ಚರ್ಮದ ಮೇಲಿನ ಗುರುತು ಸಾಕ್ಷಿ ಹೇಳುವುದಿಲ್ಲ. ಒಂದೇ ಮಂಚದಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ದದ್ದು ಏಳುತ್ತದೆ, ಇನ್ನೊಬ್ಬರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಕಚ್ಚಿ ಕೆಲವು ದಿನಗಳಾದ ಮೇಲೆ ತುರಿಕೆ ಕಾಣುತ್ತದೆ. ಸೊಳ್ಳೆ, ಚಿಗಟ, ತಿಗಣೆ ಇವುಗಳ ಗುರುತನ್ನು ಚರ್ಮ ನೋಡಿಯೇ ಬೇರ್ಪಡಿಸುವುದು ನುರಿತ ವೈದ್ಯರಿಗೂ ಕಷ್ಟ. ಪೆನ್ನಿಯ ಜಾಣತನವೆಲ್ಲ ಇದ್ದದ್ದು ಒಂದೇ ಸಂಗತಿಯಲ್ಲಿ: ಅವನು ಗುರುತನ್ನು ನೋಡಿ ತೀರ್ಪು ಕೊಡಲಿಲ್ಲ, ಪ್ರಾಣಿಯನ್ನು ಹುಡುಕಿದನು.

ಹುಡುಕಿ ಹಿಡಿದು, ಕೂತು ನೋಡಿದ ಇನ್ನೊಬ್ಬನು ಜಾನ್ ಸೌತಾಲ್. ಲಂಡನ್ನಿನಲ್ಲಿ ತಿಗಣೆ ಕೊಲ್ಲುವುದನ್ನೇ ಕಸುಬು ಮಾಡಿಕೊಂಡಿದ್ದ ಇವನು ಜಮೈಕಾ ದ್ವೀಪದ ಮುದುಕನೊಬ್ಬನಿಂದ ಔಷಧವೊಂದನ್ನು ಕಲಿತುಬಂದು ವ್ಯಾಪಾರ ಮಾಡಿದನು. 1730ರಲ್ಲಿ ತಿಗಣೆಯ ಮೇಲೆಯೇ ಒಂದು ಪುಸ್ತಕವನ್ನು ಪ್ರಕಟಿಸಿದನು. ತಿಗಣೆಗಳನ್ನು ಸಾಕಿ, ಅವು ಮೊಟ್ಟೆಯಿಡುವುದನ್ನೂ ಬೆಳೆಯುವುದನ್ನೂ ನೋಡಿ ಬರೆದನು. ಲಂಡನ್ನಿನ 1666ರ ಮಹಾ ಬೆಂಕಿಯ ಅನಂತರ ಮನೆ ಕಟ್ಟಲು ತಂದ ಪರದೇಶದ ಮರದೊಡನೆ ತಿಗಣೆ ಇಂಗ್ಲೆಂಡಿಗೆ ಬಂತೆಂದು ಅವನ ವಾದ. ಅದು ತಪ್ಪೆಂಬುದಕ್ಕೆ ಮಾರ್ಟ್‌ಲೇಕಿನ ಆ ಇಬ್ಬರು ಸ್ತ್ರೀಯರೇ ಸಾಕ್ಷಿ. ತಮ್ಮ ಮನೆಯ ತಿಗಣೆ ಬೇರೆಯವರ ನಾಡಿನಿಂದ ಬಂದದ್ದೆಂದು ಹೇಳುವುದು ಎಲ್ಲ ಕಾಲದ ಜನರಿಗೂ ಸಮಾಧಾನ ಕೊಡುವ ಮಾತು!

ಈಗ ನಮ್ಮ ದೇಶಕ್ಕೆ ಬರೋಣ. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂದು ರೊನಾಲ್ಡ್ ರಾಸ್ 1897-98ರಲ್ಲಿ ತೋರಿಸಿಕೊಟ್ಟ ಮೇಲೆ, ಇನ್ನುಳಿದ ಜ್ವರಗಳಿಗೂ ಯಾವ ಹುಳು ಕಾರಣವೆಂಬ ಶೋಧ ಎಲ್ಲೆಡೆ ಹಬ್ಬಿತು. ಆಗ ಎಲ್ಲರ ಕಣ್ಣೂ ಮೊದಲು ಬಿದ್ದದ್ದು ತಿಗಣೆಯ ಮೇಲೆ. ಅದು ಬಡವರ ಮನೆಯಲ್ಲಿದೆ, ರಕ್ತ ಕುಡಿಯುತ್ತದೆ, ಯಾರಿಗೂ ಬೇಡವಾದದ್ದು, ಇನ್ನೇನು ಬೇಕು?

ಮರುಕಳಿಸುವ ಜ್ವರವೆಂಬುದೊಂದಿದೆ; ಬಂದು, ಬಿಟ್ಟು, ಮತ್ತೆ ಬರುವ ಜ್ವರ. ಅದನ್ನು ತಿಗಣೆ ಹರಡುತ್ತದೆಂದು ಯೂರೋಪಿನಲ್ಲಿ ಸಂಶಯಪಟ್ಟವರಿದ್ದರು. 1907ರಲ್ಲಿ ನಾಸಿಕದ ಮಿಷನ್ ವಸತಿಯೊಂದರ ಮಕ್ಕಳಲ್ಲಿ ಈ ಜ್ವರ ಕಾಣಿಸಿಕೊಂಡಾಗ ಮ್ಯಾಕೀ ಎಂಬ ವೈದ್ಯನು ಒಂದು ವಿಚಿತ್ರವನ್ನು ಗಮನಿಸಿದನು. ಹುಡುಗರಲ್ಲಿ ಬಹುಪಾಲು ಮಂದಿ ಮಲಗಿದ್ದರು. ಹುಡುಗಿಯರಲ್ಲಿ ರೋಗ ಅಷ್ಟಾಗಿ ಇರಲಿಲ್ಲ. ವಸತಿಯೊಂದೇ ಆಗಿರಲು ಈ ಭೇದವೇಕೆ? ಅವನು ಬಟ್ಟೆಗಳನ್ನು ಬಿಚ್ಚಿಸಿ ನೋಡಿದನು. ಹುಡುಗರ ಬಟ್ಟೆಯಲ್ಲಿ ಮೈಹೇನು, ಅಂದರೆ ನಾವು ಕೂರೆ ಎನ್ನುವುದು, ತುಂಬಿತ್ತು, ಹುಡುಗಿಯರಲ್ಲಿ ವಿರಳವಾಗಿತ್ತು. ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದಾಗ ರೋಗಾಣು ಬೆಳೆಯುತ್ತಿದ್ದದ್ದು ಕೂರೆಯಲ್ಲಿ. ಪಂಚತಂತ್ರದ ಹಾಸಿಗೆಯಲ್ಲಿ ತಿಗಣೆಯ ತಪ್ಪಿಗೆ ಹೇನು ಸತ್ತಿತು. ನಾಸಿಕದಲ್ಲಿ ಹೇನಿನ ತಪ್ಪಿನಿಂದ ತಿಗಣೆ ಬಿಡುಗಡೆ ಹೊಂದಿತು. ಮುಂದೆ 1909ರಲ್ಲಿ ಟ್ಯೂನಿಸ್ ನಗರದಲ್ಲಿ ಶಾರ್ಲ್ ನಿಕೋಲ್ ಎಂಬಾತನು ಟೈಫಸ್ ಜ್ವರವನ್ನು ಹರಡುವುದೂ ಇದೇ ಕೂರೆ ಎಂದು ಸಿದ್ಧಪಡಿಸಿದನು. ಅಂದ ಮೇಲೆ ಕೂರೆಗೂ ತಿಗಣೆಗೂ ಇರುವ ವ್ಯತ್ಯಾಸ ಬರಿಯ ಪಂಡಿತರ ಚರ್ಚೆಯಲ್ಲ, ಪ್ರಾಣದ ಪ್ರಶ್ನೆ.

ಇದಕ್ಕಿಂತ ದೀರ್ಘವಾದ ಮೊಕದ್ದಮೆ ಕಾಳಾಜಾರ್ ರೋಗದ್ದು. ಗುಲ್ಮ ಊದಿ, ಮೈ ಕಪ್ಪಾಗಿ, ಜ್ವರದಲ್ಲಿ ಸವೆದು ಸಾಯುವ ಈ ರೋಗ ಅಸ್ಸಾಮ್, ಬಂಗಾಳ, ಬಿಹಾರಗಳಲ್ಲಿ ಹಳ್ಳಿಗಳನ್ನೇ ಬರಿದು ಮಾಡಿತ್ತು. ಅದರ ರೋಗಾಣುವನ್ನು 1903ರಲ್ಲಿ ಲೀಷ್‌ಮನ್ ಮತ್ತು ಮದರಾಸಿನ ಡಾನೊವನ್ ಬೇರೆ ಬೇರೆಯಾಗಿ ಪ್ರಕಟಪಡಿಸಿದರು. ಮರುವರ್ಷ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸ್ ಅದನ್ನು ಕೊಳವೆಯಲ್ಲಿ ಬೆಳೆಸಿ, ಯಾವುದೋ ಹುಳುವಿನ ಹೊಟ್ಟೆಯಲ್ಲಿ ಇದು ಬೆಳೆಯುತ್ತಿರಬೇಕು, ಅದು ತಿಗಣೆಯೇ ಇರಬಹುದು ಎಂದನು. 1907ರಲ್ಲಿ ಮದರಾಸಿನ ಪ್ಯಾಟನ್ ರೋಗಿಗಳ ರಕ್ತ ಕುಡಿದ ತಿಗಣೆಯನ್ನು ಸೀಳಿ ನೋಡಿ, ರೋಗಾಣು ಅದರ ಕರುಳಿನಲ್ಲಿ ರೂಪ ಬದಲಿಸುವುದನ್ನು ಕಂಡನು. ಸಾಕ್ಷಿ ಗಟ್ಟಿಯಾಯಿತೆಂದು ತೋರಿತು. ಡಾನೊವನ್ ಮಾತ್ರ 1909ರಲ್ಲಿ, ತಿಗಣೆಯಲ್ಲ, ಅದರ ದೂರದ ಬಳಗಕ್ಕೆ ಸೇರಿದ ಇನ್ನೊಂದು ಹುಳು ಎಂದು ವಾದಿಸಿದನು. ಅದು ಇಲಿಗಳಿರುವ ಮನೆಗಳಲ್ಲಿ ಕಾಣುವ, ರೆಕ್ಕೆಯುಳ್ಳ, ಉದ್ದಮೂತಿಯ, ಮುಕ್ಕಾಲು ಅಂಗುಲಕ್ಕೂ ಮಿಕ್ಕಿದ ಕಪ್ಪು ಹುಳು. ಅಂಚಿನಲ್ಲಿ ಕೆಂಪು ಗೆರೆಗಳಿರುತ್ತವೆ. ಇಬ್ಬರೂ ಮದರಾಸಿನವರೇ, ಇಬ್ಬರೂ ಕಣ್ಣಿಗೆ ಕಂಡ ಹುಳುವನ್ನೇ ಹಿಡಿದರು.

ನಿಜವಾದ ಅಪರಾಧಿ ಕಣ್ಣಿಗೆ ಸುಲಭವಾಗಿ ಕಾಣುವಂಥದಾಗಿರಲಿಲ್ಲ. ಸೊಳ್ಳೆಗಿಂತ ಸಣ್ಣದು, ಮೈಯೆಲ್ಲ ರೋಮ, ಕೂತಾಗ ರೆಕ್ಕೆಗಳನ್ನು ಮೇಲೆತ್ತಿ ಹಿಡಿಯುವ ಮರಳುನೊಣ. ಮಣ್ಣಿನ ಗೋಡೆಯ ಬಿರುಕು, ದನದ ಕೊಟ್ಟಿಗೆಯ ತೇವ ಇವೇ ಅದರ ತೌರು. ಈ ನೊಣವಿರುವ ಪ್ರದೇಶವೂ ಕಾಳಾಜಾರ್ ಇರುವ ಪ್ರದೇಶವೂ ಹೊಂದಿಕೊಳ್ಳುತ್ತವೆಂದು ಸಿಂಟನ್ ಎಂಬಾತನು ತೋರಿಸಿದನು. 1924ರಲ್ಲಿ ಕಲ್ಕತ್ತೆಯಲ್ಲಿ ನೋಲ್ಸ್, ನೇಪಿಯರ್, ಸ್ಮಿತ್ ಎಂಬ ಮೂವರು ನೊಣದ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡರು. ಆದರೆ ಹೊಟ್ಟೆಯಲ್ಲಿ ಇದ್ದರಾಯಿತೇ? ತಿಗಣೆಯ ಹೊಟ್ಟೆಯಲ್ಲಿಯೂ ಇತ್ತಲ್ಲ! ಕಚ್ಚಿದಾಗ ಅದು ಮನುಷ್ಯನನ್ನು ಸೇರಬೇಕು. ಇದನ್ನು ತೋರಿಸಲು ಇನ್ನೂ ಹದಿನೆಂಟು ವರ್ಷ ಹಿಡಿಯಿತು. 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಎಂಬ ಮೂವರು ಸೋಂಕಿನ ನೊಣಗಳಿಂದ ಐವರು ಸ್ವಯಂಸೇವಕರನ್ನು ಕಚ್ಚಿಸಿದರು; ಐವರಿಗೂ ರೋಗ ತಗಲಿತು. ರಾಜರ್ಸ್ ಸಂಶಯ ಎತ್ತಿದ್ದು 1904ರಲ್ಲಿ; ತೀರ್ಪು ಬಂದದ್ದು 1942ರಲ್ಲಿ. ಮೂವತ್ತೆಂಟು ವರ್ಷ! ಅಷ್ಟರಲ್ಲಿ ರೋಗದಿಂದ ಸತ್ತವರು ಲಕ್ಷಗಟ್ಟಲೆ.

ಈ ಮೊಕದ್ದಮೆಗೆ ಒಂದು ವಿನೋದದ ಕೊನೆಯೂ ಉಂಟು. 1953ರಲ್ಲಿ ನಮ್ಮ ದೇಶದಲ್ಲಿ ಮಲೇರಿಯಾ ನಿಯಂತ್ರಣದ ಕಾರ್ಯ ಆರಂಭವಾಗಿ ಮನೆ ಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದರು. ಗುರಿಯಿಟ್ಟದ್ದು ಸೊಳ್ಳೆಗೆ, ಮರಳುನೊಣವೂ ಸತ್ತಿತು, ಬಿಹಾರದಲ್ಲಿ ಕಾಳಾಜಾರ್ ಬಹುಮಟ್ಟಿಗೆ ಅಡಗಿತು. ಸಿಂಪಡಣೆ ನಿಂತ ಮೇಲೆ, 1970ರ ದಶಕದಲ್ಲಿ, ರೋಗ ಮತ್ತೆ ಎದ್ದಿತು. ತಿಗಣೆಯೋ? ಮೊದಮೊದಲು ಅದೂ ಸತ್ತಿತು. ಬಳಿಕ ಆ ವಿಷಕ್ಕೇ ಒಗ್ಗಿಕೊಂಡಿತು. ಹವಾಯಿ ದ್ವೀಪದ ಪರ್ಲ್ ಹಾರ್ಬರಿನ ಸೈನಿಕರ ವಸತಿಯಲ್ಲಿ ಡಿ.ಡಿ.ಟಿ.ಗೆ ಸಾಯದ ತಿಗಣೆ 1947ರಷ್ಟು ಹಿಂದೆಯೇ ಕಂಡಿತ್ತು. ರೋಗ ಹರಡಿದ ನೊಣ ಸತ್ತಿತು. ಆರೋಪ ಹೊತ್ತ ತಿಗಣೆ ಉಳಿಯಿತು. ಮನೆಯಲ್ಲಿ ದಿನನಿತ್ಯ ಕಚ್ಚುವ ತಿಗಣೆಯಿಂದ ಮನುಷ್ಯನಿಗೆ ಯಾವುದಾದರೂ ರೋಗ ಹರಡುತ್ತದೆಂಬುದು ಇದುವರೆಗೆ ಸಿದ್ಧವಾಗಿಲ್ಲ. ಅದು ಕದಿಯುವುದು ನಮ್ಮ ರಕ್ತವನ್ನು, ನಿದ್ದೆಯನ್ನು, ಅತಿಥಿಗಳ ಮುಂದೆ ನಮ್ಮ ಮಾನವನ್ನು.

ಹಾಗಾದರೆ ಇದನ್ನು ಗುರುತಿಸುವುದು ಹೇಗೆ? ಒಂದು ಹುರುಳಿಕಾಳನ್ನು ಅಂಗೈಮೇಲೆ ಇಟ್ಟುಕೊಳ್ಳಿ. ಬಲಿತ ತಿಗಣೆ ಹೆಚ್ಚು ಕಡಿಮೆ ಅಷ್ಟೇ ದೊಡ್ಡದು, ಅದೇ ಚಪ್ಪಟೆ, ಅದೇ ಕಂದು ಬಣ್ಣ. ಉದ್ದ ಕಾಲು ಅಂಗುಲಕ್ಕೆ ಸ್ವಲ್ಪ ಕಡಿಮೆ. ರಕ್ತ ಕುಡಿದಾಗ ಉಬ್ಬಿ, ಉದ್ದವಾಗಿ, ಕೆಂಪಾಗುತ್ತದೆ. ಕಾಲು ಆರು. ಹಾರುವ ರೆಕ್ಕೆಯಿಲ್ಲ, ಬೆನ್ನ ಮೇಲೆ ರೆಕ್ಕೆಯ ಎರಡು ಮೊಟಕು ತುಂಡುಗಳಿರುತ್ತವೆ, ಅಷ್ಟೆ. ಹಾರಲಾರದು, ನೆಗೆಯಲಾರದು, ಹರಿಯಬಲ್ಲದು. ಮೊಟ್ಟೆ ರವೆಯ ಕಾಳಿನಂತೆ ಬಿಳಿ. ಮರಿ ಮಾಸಲು ಹಳದಿ. ಹೊಟ್ಟೆ ತುಂಬಿದಾಗ ಮಾತ್ರ ಒಳಗಿನ ರಕ್ತ ಕೆಂಪು ಚುಕ್ಕೆಯಾಗಿ ಕಾಣುತ್ತದೆ. ಅದು ಐದು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ರಕ್ತ ಬೇಕು. ಹೊಸಕಿದರೆ ಬರುವ ವಾಸನೆ ಹಸಿ ಕೊತ್ತಂಬರಿಯನ್ನು ಹೋಲುತ್ತದೆನ್ನುವವರುಂಟು. ಕೊತ್ತಂಬರಿಯ ಗ್ರೀಕ್ ಹೆಸರೇ ತಿಗಣೆಯ ಹೆಸರಿನಿಂದ ಬಂದಿತೆಂದು ಹೇಳುವ ಪಂಡಿತರೂ ಇದ್ದಾರೆ.

ಇನ್ನು ಇದರಂತೆ ಕಾಣುವ ನೆರೆಹೊರೆಯವರು. ಚಿಗಟ ನೆಗೆಯುತ್ತದೆ, ತಿಗಣೆಯನ್ನು ಮೇಲಿನಿಂದ ಒತ್ತಿ ಚಪ್ಪಟೆ ಮಾಡಿದಂತಿದ್ದರೆ ಚಿಗಟವನ್ನು ಎರಡು ಪಕ್ಕದಿಂದ ಒತ್ತಿದಂತಿರುತ್ತದೆ. ಜಿರಲೆಯ ಮರಿಗೆ ಮೈಯಷ್ಟೇ ಉದ್ದದ ಮೀಸೆ. ದೀಪ ಹಚ್ಚಿದೊಡನೆ ಮಿಂಚಿನಂತೆ ಓಡುತ್ತದೆ. ಅಕ್ಕಿ ಮೂಟೆಯಿಂದ ಬಂದ ಹುಳುವಿಗೆ ಮುಂದೆ ಆನೆಯ ಸೊಂಡಿಲಿನಂಥ ಮೂತಿ. ಹಿಟ್ಟಿನ ಹುಳುವಿಗೆ ಬೆನ್ನ ಮೇಲೆ ಗಟ್ಟಿ ಕವಚ, ಉಗುರಿನಲ್ಲಿ ಒತ್ತಿದರೂ ಬೇಗ ಒಡೆಯದು. ಮೂಟೆಗಳ ಪಕ್ಕದಲ್ಲಿ ಮಂಚ ಹಾಕಿಕೊಂಡವರು ಇವೆರಡನ್ನೂ ತಿಗಣೆಯೆಂದು ಬಗೆದು ನಿದ್ದೆಗೆಡುವುದುಂಟು; ಇವು ಕಚ್ಚುವುದಿಲ್ಲ. ಹಳೆಯ ಪುಸ್ತಕದ ಹಾಳೆಯ ನಡುವೆ, ತೇವದ ಗೋಡೆಯ ಮೇಲೆ ಹರಿಯುವ ಎಳ್ಳಿಗಿಂತ ಸಣ್ಣ ಬಿಳಿಚು ಹುಳು ಪುಸ್ತಕದ ಹೇನು. ಹೆಸರಿಗೆ ಹೇನು, ಆಹಾರ ಬೂಷ್ಟು. ಶಾಲು ಕಂಬಳಿಗಳನ್ನು ತಿನ್ನುವ ಪುಟ್ಟ ಜೀರುಂಡೆ ಗುಂಡಗೆ, ಗಟ್ಟಿಯಾಗಿ, ಹಾರುವಂತಿರುತ್ತದೆ. ಅದರ ಮರಿಗೆ ಮೈತುಂಬ ಕೂದಲು. ಅದೂ ಕಚ್ಚದು, ಆದರೆ ಆ ಕೂದಲು ಸೋಂಕಿ ಕೆಲವರಿಗೆ ಕಚ್ಚಿದಂತೆಯೇ ದದ್ದು ಏಳುತ್ತದೆ. ನೋಡಿದಿರಾ, ಚರ್ಮದ ಸಾಕ್ಷಿ ಇಲ್ಲಿಯೂ ಸುಳ್ಳಾಯಿತು.

ಬಾವಲಿಯ ಮೈಮೇಲಿನ ತಿಗಣೆ ಎಂಬುದೊಂದಿದೆ. ಅದು ನಮ್ಮ ತಿಗಣೆಯ ತದ್ರೂಪು. ಕತ್ತಿನ ಪಟ್ಟಿಯ ಅಂಚಿನ ರೋಮ ಸ್ವಲ್ಪ ಉದ್ದ, ಅಷ್ಟೇ ಭೇದ, ಭೂತಗನ್ನಡಿಯಿಲ್ಲದೆ ತಿಳಿಯದು. ಸೂರಿನಲ್ಲಿ ಬಾವಲಿಗಳಿದ್ದ ಮನೆಯಲ್ಲಿ, ಅವು ಬಿಟ್ಟುಹೋದ ಮೇಲೆ, ಹಸಿದ ಈ ತಿಗಣೆ ಕೆಳಗಿಳಿದು ಮನುಷ್ಯರನ್ನು ಕಚ್ಚುತ್ತದೆ. ಅಂಥಲ್ಲಿ ಮಂಚವನ್ನು ಎಷ್ಟು ಸಲ ತೊಳೆದರೇನು? ರೋಗ ಸೂರಿನಲ್ಲಿ, ಮದ್ದು ಹಾಸಿಗೆಗೆ!

ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಮಲೆನಾಡಿನವರು ಒಂದನ್ನು ತಪ್ಪದೆ ಬೇರ್ಪಡಿಸಿ ತಿಳಿಯಬೇಕು. ಅದು ಉಣುಗು, ಕೆಲವು ಕಡೆ ಉಣ್ಣೆ ಎನ್ನುತ್ತಾರೆ. ಚಪ್ಪಟೆ, ಕಂದು, ರಕ್ತ ಕುಡಿದಾಗ ಉಬ್ಬುವುದು, ಎಲ್ಲವೂ ತಿಗಣೆಯಂತೆಯೇ. ಆದರೆ ಬಲಿತ ಉಣುಗಿಗೆ ಕಾಲು ಎಂಟು, ಮೀಸೆಯಿಲ್ಲ. ಮತ್ತು ಅದು ಕಚ್ಚಿ ಓಡುವುದಿಲ್ಲ, ಚರ್ಮಕ್ಕೆ ಬಾಯಿ ನೆಟ್ಟು ಅಂಟಿಕೊಂಡೇ ಇರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದಾಗ, ಕಾರಣ ಕಾಡಿನ ಉಣುಗೆಂದು ತಿಳಿದುಬಂತು. ಆ ಮಂಗನ ಕಾಯಿಲೆ ಇಂದಿಗೂ ಪೂರ್ತಿ ತೊಲಗಿಲ್ಲ. ದರಗೆಲೆ ತರಲು ಕಾಡಿಗೆ ಹೋಗಿಬಂದವರ ಮೈಮೇಲೆ ಕಚ್ಚಿ ಕೂತದ್ದನ್ನು ತಿಗಣೆಯೆಂದು ಕಿತ್ತೆಸೆದು ಮರೆತರೆ, ಬಳಿಕ ಬರುವ ಜ್ವರದ ಅರ್ಥ ವೈದ್ಯರಿಗೆ ಹೇಳುವವರು ಯಾರು? ಎಂಟು ಕಾಲೋ ಆರು ಕಾಲೋ ಎಂದು ಎಣಿಸುವ ಎರಡು ನಿಮಿಷ ಅಲ್ಲಿ ದಂಡವಲ್ಲ.

ಇದೆಲ್ಲ ಹಳೆಯ ಕಾಲದ ಮಾತೆನ್ನಬೇಡಿ. 2023ರ ಶರತ್ಕಾಲದಲ್ಲಿ ಪ್ಯಾರಿಸ್ ನಗರ ತಿಗಣೆಯ ಭಯದಿಂದ ತಲ್ಲಣಿಸಿತು. ಸಿನಿಮಾ ಮಂದಿರದಲ್ಲಿ ತಿಗಣೆ, ರೈಲಿನ ಗಾದಿಯಲ್ಲಿ ತಿಗಣೆ ಎಂದು ಎಲ್ಲೆಲ್ಲೂ ಕೂಗು. ನಿಂತೇ ಪ್ರಯಾಣ ಮಾಡಿದವರೂ ಉಂಟು. ಬಂದ ದೂರುಗಳಲ್ಲಿ ನಗರ ಸಾರಿಗೆಯ ಸುಮಾರು ಹತ್ತನ್ನೂ ರೈಲಿನ 37ನ್ನೂ ಪರಿಶೀಲಿಸಿದಾಗ ಒಂದೂ ಖಚಿತವಾಗಲಿಲ್ಲವೆಂದು ಅಲ್ಲಿಯ ಸಾರಿಗೆ ಸಚಿವರು ತಿಳಿಸಿದರು. ಪ್ಯಾರಿಸ್ಸಿನ ಮನೆಗಳಲ್ಲಿ ತಿಗಣೆಯಿರಲಿಲ್ಲವೆಂದಲ್ಲ, ಇತ್ತು, ಇದೆ. ಆದರೆ ಭಯ ಹುಳುವಿಗಿಂತ ಬೇಗ ಹರಿಯಬಲ್ಲದು. ಮಾರ್ಟ್‌ಲೇಕಿನಿಂದ ಪ್ಯಾರಿಸ್ಸಿಗೆ 440 ವರ್ಷಗಳ ದಾರಿ. ಮನುಷ್ಯನ ಸ್ವಭಾವ ಮಾತ್ರ ಇದ್ದಲ್ಲೇ ಇದೆ.

ಆದುದರಿಂದ, ಓದುಗರೆ, ಮೈ ತುರಿಸಿದೊಡನೆ ವಿಷದ ಡಬ್ಬಿಗೆ ಕೈಹಾಕಬೇಡಿ. ಮೊದಲು ಒಂದು ದೀಪ ಹಿಡಿಯಿರಿ. ಹಾಸಿಗೆಯ ಹೊಲಿಗೆ, ದಿಂಬಿನ ಅಂಚು, ಮಂಚದ ಕೀಲು, ಹೊರಸಿನ ಹಗ್ಗದ ಗಂಟು, ಗೋಡೆಯ ಪಟದ ಹಿಂಬದಿ, ಇವನ್ನು ನಿಧಾನವಾಗಿ ನೋಡಿ. ಶಾಯಿ ಚಿಮುಕಿಸಿದಂತೆ ಕಪ್ಪು ಚುಕ್ಕೆಗಳಿವೆಯೇ? ಕಳಚಿದ ಪೊರೆಯಿದೆಯೇ? ರವೆಯಂಥ ಮೊಟ್ಟೆಯಿದೆಯೇ? ಇದ್ದರೆ ಅದು ತಿಗಣೆಯ ಮನೆ. ಆಗ ನಮ್ಮ ಅಜ್ಜಿಯರು ಮಾಡುತ್ತಿದ್ದಂತೆ ಮಂಚವನ್ನು ಅಂಗಳಕ್ಕೆ ತಂದು ಸಂದಿಸಂದಿಗೆ ಕುದಿಯುವ ನೀರು ಹೊಯ್ಯಬಹುದು. ಸುಮಾರು 50 ಡಿಗ್ರಿ ಸೆಂಟಿಗ್ರೇಡ್ ಶಾಖವನ್ನು ತಿಗಣೆಯೂ ಅದರ ಮೊಟ್ಟೆಯೂ ಹೆಚ್ಚು ಹೊತ್ತು ತಾಳಲಾರವೆಂದು ಇಂದಿನ ಶಾಸ್ತ್ರವೂ ಒಪ್ಪುತ್ತದೆ. ಹೊದಿಕೆ ಹಾಸುಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಗೆಯಿರಿ. ಏನೂ ಕಾಣದಿದ್ದರೆ, ಸಿಕ್ಕ ಹುಳುವನ್ನು ಸಣ್ಣ ಸೀಸೆಯಲ್ಲಿ ಹಾಕಿ, ಬಲ್ಲವರಿಗೆ ತೋರಿಸಿ.

ಅರಸನ ಆಳುಗಳ ಕೈಯಲ್ಲಿಯೂ ದೀಪವಿತ್ತು. ಅವರು ಅದನ್ನು ಹಾಸಿಗೆಯ ಮೇಲೆ ಹಿಡಿದರು, ಮಂಚದ ಸಂದಿಗೆ ಹಿಡಿಯಲಿಲ್ಲ. ಆ ರಾತ್ರಿ ಹೇನನ್ನು ಕೊಂದು, ಎಲ್ಲವೂ ಸರಿಹೋಯಿತೆಂದು ಅರಸನನ್ನು ಮತ್ತೆ ಮಲಗಿಸಿರಬೇಕು. ಅನಂತರ ಅರಸನಿಗೆ ನಿದ್ದೆ ಬಂದಿತೇ ಎಂಬುದನ್ನು ಕಥೆಗಾರನು ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ, ತಿಗಣೆ ಇನ್ನೂ ಮಂಚದಲ್ಲಿಯೇ ಇತ್ತಲ್ಲ!